ಪ್ರತಿಗಳು: ಒಂದು ಸಾವಿರ

ಕನ್ನಡದಲ್ಲಿ ಅಪ್ಪಟ ಕಟ್ಟುಕತೆ ಓದುವ ಆಸೆಯಾದರೆ ಕಥಾಸಂಕಲನವನ್ನೇ ಹುಡುಕಿಕೊಂಡು ಹೋಗಬೇಕಾಗಿಲ್ಲ. ಯಾವ ಪುಸ್ತಕವನ್ನಾದರೂ ಎತ್ತಿಕೊಂಡು ಶೀರ್ಷಿಕೆ ಪುಟವನ್ನು ಮಗುಚಿ ಹಾಕಿ. ಮೊದಲ ಮುದ್ರಣ ಇಂಥ ವರ್ಷ, ಕಾಗದ 70 ಜಿಎಸ್‌ಎಂ ಮ್ಯಾಪ್ಲಿಥೊ, ಆಕಾರ ಡೆಮಿ 1/8, ಹಕ್ಕುಗಳು ಲೇಖಕರವು. ಇಲ್ಲಿಯವರೆಗೆ ಸುಳ್ಳಿಲ್ಲ. ಅದರ ಕೆಳಗೆ ‘ಪ್ರತಿಗಳು: 1000’ ಎಂದು ಇರುತ್ತದಲ್ಲ, ಕಲ್ಪನೆ ಗರಿಗೆದರುವುದು ಅಲ್ಲಿಂದ. ಅಚ್ಚಾದದ್ದು ಮುನ್ನೂರು ಎಂದು ಪ್ರೆಸ್ಸಿನವರಿಗೆ ಗೊತ್ತು, ಪ್ರಕಾಶಕರಿಗೆ ಗೊತ್ತು, ಬಿಲ್ಲು ಕಟ್ಟಿದ ಲೇಖಕರಿಗಂತೂ ಚೆನ್ನಾಗಿಯೇ ಗೊತ್ತು. ಆದರೂ ಮೂವರೂ ಸೇರಿ, ಮುಖ ಒಂದಿಷ್ಟೂ ಕೆಂಪಾಗದಂತೆ, ಸಾವಿರ ಎಂದೇ ಹಾಕಿಸುತ್ತಾರೆ. ಹಿರಿಯರು ‘ಶತಮಾನಂ ಭವತಿ’ ಎಂದು ಅಕ್ಷತೆ ಹಾಕುವಾಗ ಯಾರಾದರೂ ಜಾತಕ ತೆಗೆದು ತಾಳೆ ನೋಡುತ್ತಾರೆಯೇ? ಇದೂ ಆ ಜಾತಿಯ ಸಾವಿರ.

ಎಲ್ಲರ ಹಣೆಬರಹವೂ ಹೀಗೇ ಎಂದು ನಾನು ಹೇಳುತ್ತಿಲ್ಲ. ಎಸ್.ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗ ಬಿಡುಗಡೆಗೆ ಮುಂಚೆಯೇ ಮೊದಲ ಮುದ್ರಣ ಖರ್ಚಾಗಿ ಹೋಗಿತ್ತು. ಆದರೆ ಭೈರಪ್ಪನವರ ಉದಾಹರಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಸ್ತಪ್ರತಿ ಹಿಡಿದು ಹೊರಟವರು ಯಾರೂ ಕ್ಷೇಮವಾಗಿ ಮನೆಗೆ ವಾಪಸಾದದ್ದನ್ನು ನಾನು ಕಂಡಿಲ್ಲ.

ಈಗ ನಿಮ್ಮ ಹಸ್ತಪ್ರತಿ ಸಿದ್ಧವಾಗಿದೆ ಎನ್ನಿ. ಪ್ರಕಾಶಕರಿಗೆ ಫೋನ್ ಮಾಡುತ್ತೀರಿ. ಅವರು ಕೇಳುವ ಮೊದಲ ಪ್ರಶ್ನೆ: “ಕವಿತೆ ಅಲ್ಲ ತಾನೆ?” ಅಲ್ಲ ಎಂದರೆ ಆ ಕಡೆಯಿಂದ ನಿಟ್ಟುಸಿರು ಕೇಳಿಸುತ್ತದೆ. ಹೌದು ಎಂದಿರೋ, “ಈ ವರ್ಷದ ಪಟ್ಟಿ ಮುಗಿದುಹೋಯ್ತಲ್ಲಾ ಸಾರ್, ಮುಂದಿನ ವರ್ಷ ನೋಡೋಣ” ಎಂಬ ಉತ್ತರ. ನೀವು ಫೋನ್ ಮಾಡಿದ್ದು ಜನವರಿ ಎರಡನೇ ತಾರೀಕು ಎನ್ನುವುದನ್ನು ಅವರಿಗೆ ನೆನಪಿಸುವುದು ಸಭ್ಯತೆಯಲ್ಲ.

ಇನ್ನು ಕೆಲವರು ಇದ್ದಾರೆ, ಬಹಳ ಮೃದುವಾಗಿ ಮಾತಾಡುತ್ತಾರೆ. “ಓದಿದೆ ಸಾರ್. ತುಂಬಾ ಚೆನ್ನಾಗಿದೆ. ಮಾಡಿಬಿಡೋಣ. ನೀವು ಒಂದು ಇನ್ನೂರೈವತ್ತು ಪ್ರತಿ ತಗೊಂಡರೆ ನಮಗೂ ಅನುಕೂಲ.” ಅಚ್ಚಾಗುವುದೇ ಮುನ್ನೂರು. ಅದರಲ್ಲಿ ಇನ್ನೂರೈವತ್ತನ್ನು ಬರೆದವರೇ ಕೊಂಡರೆ ಉಳಿದ ಐವತ್ತನ್ನು ಪ್ರಕಾಶಕರು ಯಾವ ಧೈರ್ಯದಿಂದ ಮಾರುಕಟ್ಟೆಗೆ ಬಿಡುತ್ತಾರೋ ಎಂದು ನನಗೆ ಯಾವಾಗಲೂ ಕುತೂಹಲ. ರಾಯಲ್ಟಿ ಸಾಮಾನ್ಯವಾಗಿ ನೂರಕ್ಕೆ ಹತ್ತು. ಇನ್ನೂರು ರೂಪಾಯಿಯ ಪುಸ್ತಕಕ್ಕೆ ಇಪ್ಪತ್ತು ರೂಪಾಯಿ, ಮುನ್ನೂರೂ ಮಾರಿದರೆ ಆರು ಸಾವಿರ. ಆ ಆರು ಸಾವಿರವನ್ನೂ ಪುಸ್ತಕಗಳ ರೂಪದಲ್ಲೇ ಕೊಟ್ಟು ಕೈತೊಳೆದುಕೊಳ್ಳುವ ಜಾಣರುಂಟು. ಅಂದರೆ ಬರೆದದ್ದಕ್ಕೆ ಸಂಬಳ, ಬರೆದದ್ದೇ. ಕೃತಿಸ್ವಾಮ್ಯದ ಕಾಯ್ದೆ ಮಾತ್ರ ಉದಾರವಾಗಿದೆ. ಲೇಖಕ ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ಅವನ ವಾರಸುದಾರರದು. ಮೊದಲ ಮುದ್ರಣ ಖರ್ಚಾಗಲು ಇಷ್ಟು ಕಾಲಾವಕಾಶ ಬೇಕಾಗಬಹುದೆಂದು ಕಾಯ್ದೆ ಬರೆದವರು ಅಂದಾಜು ಮಾಡಿದ್ದಿರಬೇಕು.

ಇದೆಲ್ಲ ಯಾಕೆ ಎಂದು ತಾವೇ ಪ್ರಕಾಶಕರಾಗುವವರು ನಮ್ಮಲ್ಲಿ ಬಹಳ. ಅದರಲ್ಲಿ ತಲೆತಗ್ಗಿಸುವಂಥದ್ದು ಏನೂ ಇಲ್ಲ, ಪಂಕ್ತಿಯಲ್ಲಿ ಕೂತವರೆಲ್ಲ ದೊಡ್ಡವರೇ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಮುದ್ರಣಾಲಯ ಇಟ್ಟರು, ಎಷ್ಟೋ ಪುಸ್ತಕಗಳಿಗೆ ಚಿತ್ರವನ್ನೂ ತಾವೇ ಬರೆದರು. ಬರೆಯುವವರೂ ಅವರೇ, ಅಚ್ಚಿನ ಮನೆಯೂ ಅವರದೇ. ಜಗಳ ಆಡಬೇಕೆಂದರೆ ಎದುರಿಗೆ ಇನ್ನೊಬ್ಬರಿಲ್ಲ. ವಸುಧೇಂದ್ರ ‘ಛಂದ ಪುಸ್ತಕ’ ಕಟ್ಟಿ ತಮ್ಮ ಪುಸ್ತಕಗಳ ಜತೆಗೆ ಹೊಸಬರ ಮೊದಲ ಕಥಾಸಂಕಲನದ ಹಸ್ತಪ್ರತಿಗಳಿಗೆ ಸ್ಪರ್ಧೆ ಇಟ್ಟು, ಬಹುಮಾನ ಕೊಟ್ಟು, ಅಚ್ಚೂ ಹಾಕಿದರು. ಪೂರ್ಣಚಂದ್ರ ತೇಜಸ್ವಿಯವರ ಪ್ರಕಾಶನದ ಹೆಸರು ‘ಪುಸ್ತಕ ಪ್ರಕಾಶನ’. ಪುಸ್ತಕ ಪ್ರಕಟಿಸುವ ಕಡೆಗೆ ಪುಸ್ತಕ ಪ್ರಕಾಶನ ಎಂದು ಬೋರ್ಡು, ಮುಗಿಯಿತು. ಹೆಸರು ಹುಡುಕುವ ಹೊತ್ತಿನಲ್ಲಿ ಕೆರೆಗೆ ಹೋಗಿ ಗಾಳ ಹಾಕಿ ಕೂತರೆ ಎರಡು ಮೀನಾದರೂ ಸಿಗುತ್ತವೆ ಎಂಬ ಲೆಕ್ಕ ಅವರದಿದ್ದೀತು.

ನಮ್ಮ ನಿಮ್ಮಂಥವರಿಗೆ ಪುಸ್ತಕ ಬರೆಯುವುದಕ್ಕಿಂತ ಪ್ರಕಾಶನದ ನಾಮಕರಣಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ಮನೆದೇವರ ಹೆಸರೇ, ಹೆಂಡತಿಯ ಹೆಸರೇ, ತೀರಿಕೊಂಡ ಅಪ್ಪನ ಹೆಸರೇ? ಗೆಳೆಯರೊಬ್ಬರು ಮೊಮ್ಮಗಳ ಹೆಸರಿಟ್ಟರು. ಎರಡು ವರ್ಷಕ್ಕೆ ಮೊಮ್ಮಗ ಹುಟ್ಟಿದ. ಸೊಸೆಯ ಕಡೆಯಿಂದ ಆಕ್ಷೇಪಣೆ ಬರುವ ಮುಂಚೆಯೇ ಇನ್ನೊಂದು ಪ್ರಕಾಶನ ತೆರೆದರು. ಈಗ ಅವರ ಮನೆಯಲ್ಲಿ ಎರಡು ಪ್ರಕಾಶನ ಸಂಸ್ಥೆಗಳು ಒಂದೇ ಬೀರುವಿನ ಎರಡು ಅರೆಗಳಲ್ಲಿ ನಡೆಯುತ್ತಿವೆ. ಪರಸ್ಪರ ಪೈಪೋಟಿ ಇಲ್ಲ.

ಪ್ರಕಾಶಕರಾದ ಮೇಲೆ ಐಎಸ್‌ಬಿಎನ್ ಬೇಕು. ಹದಿಮೂರು ಅಂಕಿಗಳ ಈ ನಂಬರನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಕೇಂದ್ರ ಸರ್ಕಾರದ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಪುಕ್ಕಟೆ ಸಿಗುವುದನ್ನೂ “ನಾನು ಮಾಡಿಸಿಕೊಡ್ತೀನಿ ಬಿಡಿ” ಎಂದು ದುಡ್ಡಿಗೆ ಕೊಡಿಸುವವರು ಇದ್ದಾರೆ, ಕೊಂಡವರೂ ಇದ್ದಾರೆ. ಕಾಲೇಜು ಮೇಷ್ಟ್ರುಗಳಿಗೆ ಈ ನಂಬರು ಇಲ್ಲದ ಪುಸ್ತಕ ಬಡ್ತಿಯ ಲೆಕ್ಕಕ್ಕೆ ಬಾರದು. ಹಾಗಾಗಿ ಕೆಲವು ಪುಸ್ತಕಗಳಲ್ಲಿ ಮೊದಲು ಹುಟ್ಟುವುದು ನಂಬರು, ಒಳಗಿನ ಬರಹ ಆಮೇಲೆ.

ಇನ್ನೊಂದು ಕಾನೂನು ಹೆಚ್ಚು ಜನಕ್ಕೆ ಗೊತ್ತಿಲ್ಲ. 1954ರದು. ಅದರ ಪ್ರಕಾರ ಪುಸ್ತಕ ಪ್ರಕಟವಾದ ಮೂವತ್ತು ದಿನದೊಳಗೆ ಪ್ರಕಾಶಕರು ಸ್ವಂತ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಗಳ ಒಂದೊಂದು ಗ್ರಂಥಾಲಯಕ್ಕೂ ಪ್ರತಿ ಕಳುಹಿಸಬೇಕು. ತಪ್ಪಿದರೆ ದಂಡ ಉಂಟು: ಐವತ್ತು ರೂಪಾಯಿಯವರೆಗೆ, ಮೇಲೆ ಪುಸ್ತಕದ ಬೆಲೆ. ನಮ್ಮವರಲ್ಲಿ ಅನೇಕರು ಈ ಅಪರಾಧವನ್ನು ಜೀವನಪೂರ್ತಿ ಎಸಗುತ್ತ ಬಂದಿದ್ದಾರೆ. ನನಗನ್ನಿಸುವುದು, ದಂಡ ವಸೂಲಿಗೆ ಒಬ್ಬ ಅಧಿಕಾರಿ ಮನೆಗೆ ಬಂದರೆ ಎಷ್ಟೋ ಲೇಖಕರು ಸಂತೋಷದಿಂದ ಕೂರಿಸಿ ಕಾಫಿ ಕೊಟ್ಟಾರು. ಪುಸ್ತಕದ ಬೆಲೆ ಎಷ್ಟು ಎಂದು ಕೇಳಿದ ಮೊದಲ ಮನುಷ್ಯ ಅವನೇ ಆಗಿರುತ್ತಾನೆ.

ಡಿಟಿಪಿಯ ಸಂಕಟವನ್ನು ಬೇಗ ಹೇಳಿ ಮುಗಿಸುತ್ತೇನೆ. ನೀವು ಯೂನಿಕೋಡಿನಲ್ಲಿ ಬರೆದಿರುತ್ತೀರಿ, ಅಚ್ಚಿನವರ ತಂತ್ರಾಂಶಕ್ಕೆ ಹಳೆಯ ಫಾಂಟೇ ಬೇಕು. ಅಲ್ಲಿಂದ ಇಲ್ಲಿಗೆ ದಾಟುವಾಗ ಅರ್ಕಾವತ್ತು ಸೊಂಟ ಉಳುಕಿಸಿಕೊಳ್ಳುತ್ತದೆ. ‘ಸೂರ್ಯ’ ‘ಸೂಯರ್’ ಆಗುತ್ತಾನೆ, ‘ಕಾರ್ಯಕ್ರಮ’ ‘ಕಾಯರ್ಕ್ರಮ’. ಅದನ್ನೆಲ್ಲ ತಿದ್ದಿ ಮುಗಿಸಿದರೆ ಪ್ರೆಸ್ಸಿನವರು ಫಾರ್ಮಿನ ಲೆಕ್ಕ ತೆಗೆಯುತ್ತಾರೆ. ಒಂದು ಫಾರ್ಮಿಗೆ ಹದಿನಾರು ಪುಟ. ನಿಮ್ಮದು 147 ಪುಟವಾಗಿದ್ದರೆ “ಒಂದೋ ಮೂರು ಪುಟ ತೆಗೀರಿ, ಇಲ್ಲಾ ಹದಿಮೂರು ಪುಟ ಸೇರಿಸಿ” ಎನ್ನುತ್ತಾರೆ. ಕನ್ನಡದ ಹಲವು ನೀಳ್ಗತೆಗಳು ಇಷ್ಟು ಧ್ವನಿಪೂರ್ಣವಾಗಿ, ಇದ್ದಕ್ಕಿದ್ದಂತೆ ಮುಗಿಯುವುದಕ್ಕೆ ವಿಮರ್ಶಕರು ಏನೇನೋ ಕಾರಣ ಕೊಟ್ಟಿದ್ದಾರೆ. ಈ ಕಾರಣವನ್ನು ಅವರು ಪರಿಶೀಲಿಸಿದಂತಿಲ್ಲ.

ಇನ್ನು ಮುನ್ನುಡಿ. ದೊಡ್ಡವರ ಹೆಸರು ಮುಖಪುಟದಲ್ಲಿ ಬರಬೇಕು, ಅದಕ್ಕಾಗಿ ಮುನ್ನುಡಿ. ದೊಡ್ಡವರು ಒಪ್ಪಿಕೊಳ್ಳುತ್ತಾರೆ, ಇಲ್ಲವೆನ್ನಲು ಬರುವುದಿಲ್ಲ ಅವರಿಗೆ. ಆಮೇಲೆ ಶುರುವಾಗುತ್ತದೆ ಅಲೆದಾಟ. ಊರಿಗೆ ಹೋಗಿದ್ದಾರೆ, ಕಣ್ಣಿನ ಪೊರೆ ತೆಗೆಸಿದ್ದಾರೆ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದಾರೆ. ಕೊನೆಗೆ ಬಂತು ಎನ್ನಿ, ಅದನ್ನು ಓದುವುದಕ್ಕೊಂದು ವಿಧಾನವಿದೆ. ಮೊದಲ ಪುಟದಲ್ಲಿ ಪಂಪ, ಎರಡನೆಯದರಲ್ಲಿ ವಚನಕಾರರು, ಮೂರನೆಯದರಲ್ಲಿ ನವೋದಯದಿಂದ ನವ್ಯದವರೆಗೆ, ನಾಲ್ಕನೆಯದರಲ್ಲಿ ಜಾಗತೀಕರಣ ಬಂದರೆ ನಿಮ್ಮ ಹಸ್ತಪ್ರತಿಯ ಕಟ್ಟು ಇನ್ನೂ ಬಿಚ್ಚಿಲ್ಲ ಎಂದರ್ಥ. ಕಡೆಯ ಪ್ಯಾರಾದಲ್ಲಿ ‘ಇವರ ಮುಂದೆ ದೀರ್ಘವಾದ ದಾರಿಯಿದೆ’ ಎಂದಿದ್ದರೆ, ಬಿಚ್ಚಿ ಎರಡು ಪುಟ ಓದಿದ್ದಾರೆ. ಅರವತ್ತೆಂಟು ವರ್ಷದ ಕವಿಯೊಬ್ಬರಿಗೆ ‘ಭರವಸೆಯ ಬೆಳೆ’ ಎಂದು ಬರೆದದ್ದನ್ನು ನಾನೇ ಓದಿದ್ದೇನೆ. ಅವರಿಗೆ ಅದರಿಂದ ಆದ ಆನಂದ ನೋಡಿದರೆ ಆ ಸಾಲು ಸುಳ್ಳೆನ್ನಲು ನನಗೆ ಮನಸ್ಸು ಬರಲಿಲ್ಲ.

ಇಲ್ಲಿ ಸರ್ಕಾರವನ್ನು ಬಿಟ್ಟರೆ ತಪ್ಪಾಗುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಒಳ್ಳೆಯ ಯೋಜನೆ, ಆದರೆ ನಮ್ಮಲ್ಲಿ ಅರ್ಧದಷ್ಟು ಮಂದಿ ಬರೆಯಲು ಕೂರುವುದೇ ನಿವೃತ್ತಿಯ ಮಾರನೇ ದಿನ. ಅವರು ನೆಚ್ಚಿಕೊಳ್ಳುವುದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು. ಕರ್ನಾಟಕದ ಗ್ರಂಥಾಲಯ ಕಾಯ್ದೆ 1965ರದು. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಹಾಗೆ ನೋಡಿದರೆ ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ ಪುಸ್ತಕಪ್ರೇಮಿಗಳೇ. ಅವರಿಗೆ ಗೊತ್ತಿಲ್ಲ, ಅಷ್ಟೆ. ಪುಸ್ತಕ ಆಯ್ಕೆಯಾದರೆ ಇಲಾಖೆ ಮುನ್ನೂರರಷ್ಟು ಪ್ರತಿ ಕೊಳ್ಳುತ್ತದೆ. ಇಲಾಖೆಯ ಹಂಡೆಯೊಳಗಿನ ನೀರು ಯಾವಾಗ ಕಾಯುತ್ತದೆ, ಪಟ್ಟಿ ಯಾವಾಗ ಹೊರಬೀಳುತ್ತದೆ, ದುಡ್ಡು ಯಾವಾಗ ಖಾತೆಗೆ ಬೀಳುತ್ತದೆ ಎಂದು ಮಾತ್ರ ಯಾರೂ ಕೇಳಬಾರದು. ದರ ನಿಗದಿಯಲ್ಲಿ ಪುಟಗಳ ಲೆಕ್ಕ ಇರುವುದರಿಂದ ಕೆಲವು ಪುಸ್ತಕಗಳ ಅಕ್ಷರ ದಪ್ಪ, ಸಾಲುಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ, ಪ್ರತಿ ಹನಿಗವನಕ್ಕೂ ಒಂದೊಂದು ಪೂರ್ತಿ ಪುಟ. ಓದುಗರ ಕಣ್ಣಿನ ಆರೋಗ್ಯದ ದೃಷ್ಟಿಯಿಂದ ಇದನ್ನು ಸ್ವಾಗತಿಸೋಣ.

ಈಗ ಬಿಡುಗಡೆ. ಬರೆದದ್ದು, ತಿದ್ದಿದ್ದು, ಅಲೆದದ್ದು ಎಲ್ಲ ಈ ಒಂದು ಭಾನುವಾರಕ್ಕಾಗಿ. ಬೆಂಗಳೂರಾದರೆ ಬಸವನಗುಡಿಯ ವಾಡಿಯಾ ಸಭಾಂಗಣ, ಜೆ.ಸಿ. ರಸ್ತೆಯ ನಯನ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು. ಧಾರವಾಡವಾದರೆ ವಿದ್ಯಾವರ್ಧಕ ಸಂಘ. ಆಹ್ವಾನ ಪತ್ರಿಕೆಯಲ್ಲಿ ‘ಬೆಳಿಗ್ಗೆ 9.30ಕ್ಕೆ ಲಘು ಉಪಾಹಾರ, 10.30ಕ್ಕೆ ಕಾರ್ಯಕ್ರಮ’ ಎಂದು ಎರಡು ಸಮಯ ಇರುತ್ತದೆ. ಮೊದಲನೆಯ ಸಮಯಕ್ಕೆ ಜನ ಎಂದೂ ತಡಮಾಡಿದ್ದಿಲ್ಲ. ಯಾವ ಸಭಾಂಗಣಕ್ಕೆ ಯಾವ ಅಡುಗೆಯವರು, ಯಾರ ಬಿಡುಗಡೆಯಲ್ಲಿ ಖಾರಾಬಾತಿನ ಜತೆ ಕೇಸರಿಬಾತೂ ಇರುತ್ತದೆ, ಯಾರು ಇಡ್ಲಿಯ ಮೇಲೇ ಸಾಗಹಾಕುತ್ತಾರೆ ಎಂದು ಬೆರಳ ತುದಿಯಲ್ಲಿಟ್ಟುಕೊಂಡಿರುವ ಕಾಯಂ ಶ್ರೋತೃಗಳಿದ್ದಾರೆ. ಅವರನ್ನು ಹಗುರವಾಗಿ ಕಾಣಬೇಡಿ. ಅವರಿಲ್ಲದಿದ್ದರೆ ಫೋಟೋದಲ್ಲಿ ಕಾಣುವುದು ಖಾಲಿ ಕುರ್ಚಿಗಳು ಮತ್ತು ನಿಮ್ಮ ಭಾವಮೈದುನ.

ವೇದಿಕೆಯ ಮೇಲೆ ಪುಸ್ತಕಗಳನ್ನು ಬಣ್ಣದ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿ ಇಟ್ಟಿರುತ್ತಾರೆ. ಕಟ್ಟಿದವನು ಲೇಖಕರ ಅಕ್ಕರೆಯ ಸೋದರಳಿಯ. ಬಿಚ್ಚಿಹೋಗಬಾರದೆಂದು ಮೂರು ಸುತ್ತು ಟೇಪು ಹಾಕಿರುತ್ತಾನೆ. ಉದ್ಘಾಟಕರು ರಿಬ್ಬನ್ ಎಳೆಯುತ್ತಾರೆ, ಬರುವುದಿಲ್ಲ. ಉಗುರಿನಿಂದ ಕೆರೆಯುತ್ತಾರೆ. ಪಕ್ಕದವರು ಕೈ ಕೊಡುತ್ತಾರೆ. ನಿರೂಪಕಿ “ಈಗ ಆ ಸುಮಧುರ ಕ್ಷಣ” ಎಂದು ನಾಲ್ಕನೆಯ ಸಲ ಹೇಳುತ್ತಾರೆ. ಕಡೆಗೆ ಯಾರೋ ಕೀಲಿಕೈಯಿಂದ ಸೀಳಿ ಪುಸ್ತಕವನ್ನು ಹೊರಗೆ ತೆಗೆದಾಗ ಚಪ್ಪಾಳೆ. ಬಿಡುಗಡೆ ಎನ್ನುವ ಮಾತಿಗೆ ಇಷ್ಟು ನ್ಯಾಯ ಬೇರೆಲ್ಲೂ ಸಲ್ಲುವುದಿಲ್ಲ. ಆಮೇಲೆ ಎಲ್ಲರೂ ಸಾಲಾಗಿ ನಿಂತು ಎದೆಯ ಮುಂದೆ ಪುಸ್ತಕ ಹಿಡಿಯುತ್ತಾರೆ. ಅವರಲ್ಲಿ ಒಬ್ಬರಾದರೂ ತಲೆಕೆಳಗಾಗಿ ಹಿಡಿದಿರುತ್ತಾರೆ, ಮಾರನೇ ದಿನ ಪತ್ರಿಕೆಯಲ್ಲಿ ಬರುವುದು ಅದೇ ಫೋಟೋ.

ಭಾಷಣಗಳ ವಿಷಯ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಬಿಡುಗಡೆ, ಕೃತಿ ಪರಿಚಯ, ಮುಖ್ಯ ಅತಿಥಿಗಳು ಇಬ್ಬರು, ಅಧ್ಯಕ್ಷರು. ಮೊದಲ ಅತಿಥಿ “ಪುಸ್ತಕ ನನ್ನ ಕೈಸೇರಿದ್ದು ನಿನ್ನೆ ರಾತ್ರಿ” ಎಂದು ಆರಂಭಿಸಿ ನಲವತ್ತು ನಿಮಿಷ ಮಾತಾಡುತ್ತಾರೆ. ಎರಡನೆಯವರು “ನನಗೆ ಇವತ್ತು ಬೆಳಿಗ್ಗೆ ಸಿಕ್ಕಿತು” ಎಂದು ಐವತ್ತು ನಿಮಿಷ. ಪುಸ್ತಕವನ್ನು ನಿಜವಾಗಿ ಓದಿಕೊಂಡು, ಪುಟ ಗುರುತು ಹಾಕಿಕೊಂಡು, ಟಿಪ್ಪಣಿ ಬರೆದುಕೊಂಡು ಬಂದಿರುವವರು ಒಬ್ಬರೇ, ಕೃತಿ ಪರಿಚಯ ಮಾಡಬೇಕಾದ ಎಳೆಯ ಉಪನ್ಯಾಸಕಿ. ಅವರಿಗೆ ಚೀಟಿ ಹೋಗುತ್ತದೆ, ‘ದಯವಿಟ್ಟು ಐದು ನಿಮಿಷದಲ್ಲಿ ಮುಗಿಸಿ’ ಎಂದು. ಲೇಖಕರ ಮಾತು ಬರುವ ಹೊತ್ತಿಗೆ ಒಂದೂಕಾಲು ಗಂಟೆ, ಸಭಾಂಗಣವನ್ನು ಎರಡು ಗಂಟೆಗೆ ಬಿಟ್ಟುಕೊಡಬೇಕು, ಮುಂದಿನ ಬಿಡುಗಡೆಯವರು ಹೊರಗೆ ಬಣ್ಣದ ಕಾಗದ ಹಿಡಿದು ನಿಂತಿದ್ದಾರೆ.

ಬಾಗಿಲ ಹತ್ತಿರ ಮಾರಾಟದ ಮೇಜು. ಶೇಕಡ ಇಪ್ಪತ್ತು ರಿಯಾಯಿತಿ ಎಂದು ಚೀಟಿ ಅಂಟಿಸಿ, ಕ್ಯೂಆರ್ ಕೋಡ್ ಒರಗಿಸಿಟ್ಟುಕೊಂಡು ಲೇಖಕರ ಮಗಳು ಕೂತಿರುತ್ತಾಳೆ. ಬಂದವರು ಪುಸ್ತಕ ಕೈಗೆತ್ತಿಕೊಳ್ಳುತ್ತಾರೆ. ಬೆನ್ನುಡಿ ಓದುತ್ತಾರೆ. ಮೂಗಿನ ಹತ್ತಿರ ಹಿಡಿದು ಪುಟಗಳನ್ನು ಸರ್ರನೆ ಬಿಟ್ಟು ವಾಸನೆ ನೋಡುತ್ತಾರೆ. “ಪ್ರಿಂಟಿಂಗ್ ಚೆನ್ನಾಗಿ ಬಂದಿದೆಯಮ್ಮ, ಅಪ್ಪನಿಗೆ ಹೇಳು” ಎಂದು ಅಲ್ಲೇ ಇಟ್ಟು ಕಾಫಿಯ ಕಡೆ ನಡೆಯುತ್ತಾರೆ. ಆ ಹುಡುಗಿ ಎಂಬಿಎ ಓದುತ್ತಿದ್ದರೆ ಅವಳಿಗೆ ಅಂದು ಸಿಗುವ ಪಾಠ ಯಾವ ಕಾಲೇಜಿನಲ್ಲೂ ಸಿಗದು.

ಬಿಡುಗಡೆಯಾದ ಪುಸ್ತಕದ ಪ್ರಚಾರ ಬೇರೆಯದೇ ಅಧ್ಯಾಯ. ಹಿಂದೆ ಪತ್ರಿಕೆಗೆ ಎರಡು ಪ್ರತಿ ಕಳುಹಿಸಿ ಕಾಯುವುದಿತ್ತು. ‘ಸಾದರ ಸ್ವೀಕಾರ’ದಲ್ಲಿ ಹೆಸರು, ಪುಟ, ಬೆಲೆ ಬಂದರೆ ಕತ್ತರಿಸಿ ಆಲ್ಬಮಿಗೆ ಅಂಟಿಸುವುದಿತ್ತು. ಈಗ ಮುಖಪುಟ ಅನಾವರಣಕ್ಕೇ ಒಂದು ದಿನ, ಬೆನ್ನುಡಿಗೆ ಒಂದು ದಿನ, ‘ಇನ್ನು ಮೂರೇ ದಿನ’ ಎಂದು ಒಂದು ದಿನ. ಫೇಸ್‌ಬುಕ್ಕಿನಲ್ಲಿ ಇನ್ನೂರು ಜನ ‘ಅಭಿನಂದನೆಗಳು ಸರ್’ ಎನ್ನುತ್ತಾರೆ, ವಾಟ್ಸಾಪ್ ಗುಂಪಿನಲ್ಲಿ ಹೂಗುಚ್ಛಗಳ ಮಳೆ. ಆ ಹೂಗುಚ್ಛ ಕಳುಹಿಸಿದವರಲ್ಲಿ ಹತ್ತಕ್ಕೊಬ್ಬರು ಪುಸ್ತಕ ಕೊಂಡಿದ್ದರೆ ‘ಪ್ರತಿಗಳು: 1000’ ಎನ್ನುವುದನ್ನು ನಿಜವಾಗಿಯೇ ಹಾಕಬಹುದಿತ್ತು. ಇನ್ನು ಬೇಕಾದಷ್ಟೇ ಪ್ರತಿ ಮುದ್ರಿಸುವ ಡಿಜಿಟಲ್ ಯಂತ್ರ ಬಂದ ಮೇಲೆ ಐವತ್ತೈವತ್ತಾಗಿ ಅಚ್ಚು ಹಾಕಿಸಿ ‘ವಾರದೊಳಗೆ ಮೂರನೇ ಮುದ್ರಣ!’ ಎಂದು ಘೋಷಿಸುವ ಚಮತ್ಕಾರವೂ ಸಾಧ್ಯವಾಗಿದೆ. ಗಣಿತದಲ್ಲಿ ದೋಷವಿಲ್ಲ. ಮೂರೂ ಮುದ್ರಣ ಸೇರಿ ನೂರೈವತ್ತು, ಅಷ್ಟೆ.

ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದದ್ದು ಕನ್ನಡಕ್ಕೆ ದೊಡ್ಡ ಸಂಭ್ರಮ. ಉಳಿದ ಲೇಖಕರಿಗೆ ಅದರಿಂದ ಒಂದು ಹೊಸ ಪೀಡೆಯೂ ಅಂಟಿಕೊಂಡಿದೆ. ಹಾಲಿನವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರದೂ ಒಂದೇ ಪ್ರಶ್ನೆ: “ನಿಮ್ಮದು ಯಾವಾಗ ಇಂಗ್ಲಿಷಿಗೆ ಹೋಗೋದು?” ದೀಪಾ ಭಾಸ್ತಿಯವರು ಅನುವಾದಿಸಿದ ಆ ಕತೆಗಳು 1990ರಿಂದ 2023ರವರೆಗೆ, ಮೂವತ್ತಕ್ಕೂ ಹೆಚ್ಚು ವರ್ಷಗಳ ಅವಧಿಯಲ್ಲಿ ಬರೆದವು ಎಂದು ಹೇಳಿದರೆ ಕೇಳಿದವರ ಮುಖ ಬಾಡುತ್ತದೆ. ಅವರಿಗೆ ಅಷ್ಟು ಕಾಯುವ ವ್ಯವಧಾನವಿಲ್ಲ. ಕನ್ನಡದಲ್ಲಿ ಅವನ್ನು ಓದಿದ್ದೀರಾ ಎಂದು ನಾನು ಒಂದು ಸಲ ತಿರುಗಿ ಕೇಳಿದೆ. ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿದರು.

ಪ್ರಚಾರವೇ ಬೇಡವೆಂದು ಇದ್ದವರೂ ನಮ್ಮಲ್ಲಿ ಆಗಿಹೋಗಿದ್ದಾರೆ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು, ತಾವೇ ಬರೆದ ಕಾವ್ಯವನ್ನು ಹಳೆಯ ಕವಿ ಮುದ್ದಣನದು ಎಂದು ಹೇಳಿ ಮೈಸೂರಿನ ಪತ್ರಿಕೆಗೆ ಕಳುಹಿಸಿಕೊಟ್ಟರು. ಮುದ್ದಣ ಅವರೇ ಎಂಬುದು ಜನಕ್ಕೆ ಗೊತ್ತಾಗುವ ಹೊತ್ತಿಗೆ ಅವರು ಇರಲಿಲ್ಲ. 1901ರಲ್ಲಿ, ಇನ್ನೂ ಮೂವತ್ತೊಂದರ ಪ್ರಾಯದಲ್ಲಿ ಕ್ಷಯದಿಂದ ತೀರಿಕೊಂಡರು. ಇವತ್ತು ಇನ್ನೊಬ್ಬರು ಬರೆದದ್ದರ ಮೇಲೆ ತಮ್ಮ ಹೆಸರು ಹಾಕಿಕೊಂಡವರನ್ನು ಕಂಡಿದ್ದೇವೆ, ತಮ್ಮದರ ಮೇಲಿನ ಹೆಸರನ್ನು ಅಳಿಸಿಕೊಂಡವರನ್ನು ಕಂಡಿಲ್ಲ.

ಆದರೆ ಮುದ್ದಣನಿಗಿಂತ ನನಗೆ ಈ ವಿಷಯದಲ್ಲಿ ಹೆಚ್ಚು ಇಷ್ಟವಾಗುವವರು ಗಳಗನಾಥರು. 1869ರಲ್ಲಿ ಹುಟ್ಟಿ 1942ರವರೆಗೆ ಬದುಕಿದ್ದ, ಕನ್ನಡ ಕಾದಂಬರಿಯ ಪಿತಾಮಹ ಎನಿಸಿಕೊಂಡ ಮನುಷ್ಯ. ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತುಕೊಂಡು ಊರಿಂದೂರಿಗೆ ನಡೆದು ಮಾರಿದರು. ಮರಾಠಿಯ ದಟ್ಟ ನೆರಳಿನಲ್ಲಿದ್ದ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ಕಾದಂಬರಿ ಕೊಳ್ಳುವವರನ್ನು ಹುಡುಕುವುದೆಂದರೆ ಹುಡುಗಾಟವೇ? ಅವರ ತರುವಾಯ ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿ ಚಂದಾದಾರರನ್ನು ಕೂಡಿಸಿದರು. ವರ್ಷದ ಚಂದಾ ಕಟ್ಟಿದವರ ಮನೆಗೆ ಪುಸ್ತಕ ಹೋಗುತ್ತದೆ. ಅಂದರೆ ದುಡ್ಡು ಮೊದಲು, ಕಾದಂಬರಿ ಆಮೇಲೆ. ಸುಭಾಷ್ ರಸ್ತೆಯ ಅವರ ಅಟ್ಟ ಬೇಂದ್ರೆ, ಕುರ್ತಕೋಟಿ, ಕಾರ್ನಾಡರೆಲ್ಲ ಕೂತು ಹರಟಿದ ಜಾಗವೆಂದು ಪ್ರಸಿದ್ಧ. ಇತ್ತ ಬೆಂಗಳೂರಿನಲ್ಲಿ ಜಿ.ಪಿ. ರಾಜರತ್ನಂ, ಕಾಲೇಜಿನಲ್ಲಿ ಕನ್ನಡದ ಮೇಷ್ಟ್ರು, ಪುಸ್ತಕ ಅಚ್ಚುಮಾಡಿಸುವುದು, ಹೊತ್ತುಕೊಂಡು ಹೋಗಿ ಮಾರುವುದು ಎಲ್ಲವನ್ನೂ ಸಾಹಿತ್ಯದ ಪರಿಚಾರಿಕೆ ಎಂದೇ ಮಾಡಿದರು. ಇವರಲ್ಲಿ ಯಾರಿಗೂ ‘ಪುಸ್ತಕ ಮಾರುತ್ತಾನಲ್ಲಪ್ಪ’ ಎಂದು ಯಾರಾದರೂ ಅಂದಾರೆಂಬ ಅಳುಕು ಇದ್ದಂತೆ ಕಾಣುವುದಿಲ್ಲ.

ಆ ಅಳುಕು ನಮ್ಮ ಕಾಲದ್ದು. ಪುಸ್ತಕ ಬಂದಿದೆ ಎಂದು ಊರಿಗೆಲ್ಲ ಸಾರುತ್ತೇವೆ, ಬೆಲೆ ಎಷ್ಟು ಎಂದು ಕೇಳಿದರೆ “ಅಯ್ಯೋ, ನಿಮ್ಮ ಹತ್ತಿರ ದುಡ್ಡೇ!” ಎನ್ನುತ್ತೇವೆ. ಈ ಒಂದು ‘ಅಯ್ಯೋ’ ಇದೆಯಲ್ಲ, ಕನ್ನಡ ಪುಸ್ತಕೋದ್ಯಮಕ್ಕೆ ಪೈರಸಿಯವರಿಂದ ಆದದ್ದಕ್ಕಿಂತ ಹೆಚ್ಚು ನಷ್ಟ ಇದರಿಂದ ಆಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಎದುರಿನವರೂ ಇದಕ್ಕೆ ಒಗ್ಗಿಹೋಗಿದ್ದಾರೆ. “ಪುಸ್ತಕ ಬಂತಂತೆ, ನಮಗೆ ಒಂದು ಕಾಪಿ ಇಲ್ವಾ?” ಎನ್ನುವುದು ಅವರ ಲೆಕ್ಕದಲ್ಲಿ ಪ್ರೀತಿ. ಕೊಂಡುಕೊಂಡು ಓದಿದರೆ ಲೇಖಕರ ಜತೆ ಅಷ್ಟೇನೂ ಸಲಿಗೆಯಿಲ್ಲ ಎಂದು ಜನ ತಿಳಿದಾರು ಎಂಬ ಭಯ. ಇದೇ ಮಹನೀಯರು ಗೆಳೆಯನ ಬಟ್ಟೆ ಅಂಗಡಿಯಲ್ಲಿ ಒಂದು ಪಂಚೆ ತೆಗೆದುಕೊಂಡು “ಗೌರವ ಪಂಚೆ” ಎಂದು ಹೇಳಿ ಹೊರಟದ್ದನ್ನು ಯಾರೂ ಕೇಳಿಲ್ಲ. ದೂರದ ಊರಿನವರಾದರೆ ಇನ್ನೂ ಸೊಗಸು, “ಪೋಸ್ಟ್ ಮಾಡಿಬಿಡಿ, ಓದಿ ಅಭಿಪ್ರಾಯ ತಿಳಿಸ್ತೀನಿ.” ಪುಸ್ತಕ ನಮ್ಮದು, ಲಕೋಟೆ ನಮ್ಮದು, ಅಂಚೆಚೀಟಿ ನಮ್ಮದು. ಅಭಿಪ್ರಾಯ ಅವರದು; ಅದು ಇನ್ನೂ ದಾರಿಯಲ್ಲಿದೆ.

ಹೀಗೆ ಗೌರವಕ್ಕೆ ಹೋದ ಪ್ರತಿಗಳು ಒಂದು ಕಡೆ, ಅಂಗಡಿಯವರು ಮೂವತ್ತೋ ನಲವತ್ತೋ ಪರ್ಸೆಂಟು ಕಮಿಷನ್ ಹಿಡಿದುಕೊಂಡು ಮಾರುವ ಪ್ರತಿಗಳು ಇನ್ನೊಂದು ಕಡೆ, ನವೆಂಬರಿನ ರಾಜ್ಯೋತ್ಸವದ ರಿಯಾಯಿತಿಯಲ್ಲಿ ಅರ್ಧ ಬೆಲೆಗೆ ಬಿಟ್ಟವು ಮತ್ತೊಂದು ಕಡೆ. ಮಿಕ್ಕದ್ದು ದಿವಾನದ ಕೆಳಗೆ. ನೆಲ ಒರೆಸಲು ಬರುವ ಹೆಂಗಸು ಒಂದು ದಿನ ಕೇಳಿಯೇಬಿಟ್ಟಳು, “ಇದೇನಕ್ಕ, ಎಲ್ಲಾ ಒಂದೇ ಪುಸ್ತಕ! ಅಷ್ಟೊಂದು ಸಲ ಓದಬೇಕಾ?” ನನ್ನ ಹೆಂಡತಿ ಉತ್ತರಿಸಲಿಲ್ಲ. ನನ್ನ ಕಡೆ ನೋಡಿದಳು, ಅಷ್ಟೆ.

ಈ ಲೇಖನವನ್ನು ಇಷ್ಟು ದೂರ ಓದಿದ ನಿಮ್ಮ ಸಹನೆ ನೋಡಿದರೆ ನನಗೆ ಒಂದು ಧೈರ್ಯ ಬರುತ್ತಿದೆ. ನನ್ನ ಹೊಸ ಹರಟೆಗಳ ಸಂಕಲನ ಬಂದಿದೆ. ಡೆಮಿ 1/8, ಸರಿಯಾಗಿ ಒಂಬತ್ತು ಫಾರ್ಮು, 144 ಪುಟ, ಬೆಲೆ 160 ರೂಪಾಯಿ. ಪ್ರತಿಗಳು ಮುನ್ನೂರು, ಒಳಪುಟದಲ್ಲೂ ಮುನ್ನೂರೆಂದೇ ಹಾಕಿದೆ. ಅಂಚೆ ಇಲಾಖೆಯವರು 2025ರ ಮೇ ತಿಂಗಳಿನಿಂದ ಜ್ಞಾನ ಪೋಸ್ಟ್ ಎಂದು ಪುಸ್ತಕಗಳಿಗೆ ಕಡಿಮೆ ದರದ ಸೇವೆ ತೆರೆದಿದ್ದಾರೆ. ಮುನ್ನೂರು ಗ್ರಾಂ ತನಕ ಇಪ್ಪತ್ತು ರೂಪಾಯಿ, ಮೇಲೆ ತೆರಿಗೆ. ನನ್ನ ಪುಸ್ತಕ ಅಷ್ಟು ತೂಕದ್ದಲ್ಲ. ಅಂಚೆ ಖರ್ಚನ್ನು ನಾನೇ ಹಾಕಿಕೊಳ್ಳುತ್ತೇನೆ, ಬೇಕೆಂದವರಿಗೆ ಸಹಿಯನ್ನೂ ಹಾಕಿಕೊಡುತ್ತೇನೆ. ಹಣ ಮೊದಲು ಕಳುಹಿಸಿ.